ಗೆಳೆಯನೊಂದಿಗೆ ಕಡಲ ದಂಡೆಯ ದೂರ ನಡಿಗೆ ಮುಗಿಸುವ ಬಗೆ: ಘಟ್ಟದ ಮೇಲಿನವರಿಗೊಂದು ಕೈಪಿಡಿ

ಮರವಂತೆಯಿಂದ ಕಾರವಾರದವರೆಗೆ ಕಡಲ ದಂಡೆ ಹಿಡಿದು ನಡೆಯಲು ನಾನೂ ನನ್ನ ಗೆಳೆಯನೂ ಮೊದಲ ಸಲ ಹೊರಟಾಗ ನಡಿಗೆ ಕುಮಟಾದಲ್ಲಿ ನಿಂತುಹೋಯಿತು. ಮರುವರ್ಷ ಅದೇ ದಾರಿಯನ್ನು ಮತ್ತೆ ಮೊದಲಿನಿಂದ ನಡೆದು ಮುಗಿಸಿದೆವು. ಎರಡು ಸಲವೂ ಅದೇ ಚೀಲ, ಅದೇ ದಾರಿ, ಹೆಚ್ಚುಕಡಿಮೆ ಅಷ್ಟೇ ಖರ್ಚು. ಬೇರೆಯಾಗಿದ್ದದ್ದು ತಯಾರಿಯ ಕ್ರಮ ಮತ್ತು ನಾವಿಬ್ಬರೂ ಮೊದಲೇ ಕುಳಿತು ಆಡಿಕೊಂಡ ಮಾತು. ಮೊದಲ ವರ್ಷ ಹೊರಡುವ ದಿನದಿಂದ ಮುಂದಕ್ಕೆ ಲೆಕ್ಕ ಹಾಕಿದ್ದೆವು. ಎರಡನೆಯ ವರ್ಷ ಮುಗಿಸುವ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿದೆವು. ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆಯಿಂದ ಇಂಥದೊಂದು ನಡಿಗೆಗೆ ಘಟ್ಟ ಇಳಿಯಬೇಕೆಂದಿರುವ ಇಬ್ಬರು ಸ್ನೇಹಿತರಿಗೆ ನಾವು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಕೊನೆಯ ದಿನವನ್ನು ಮೊದಲು ಗೊತ್ತುಮಾಡಿಕೊಳ್ಳಿ

ಮರವಂತೆಯಿಂದ ಕಾರವಾರಕ್ಕೆ 66ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಸುಮಾರು 160 ಕಿ.ಮೀ. ಇದೆ. ದಂಡೆಯ ಬಳಸು ದಾರಿ ಮತ್ತು ಅಳಿವೆಗಳ (ನದಿ ಕಡಲು ಸೇರುವ ಬಾಯಿಗಳ) ಸುತ್ತು ಸೇರಿಸಿ ನಾವು ಅದನ್ನು 180 ಎಂದು ಹಿಡಿದೆವು. ಅಂಕೋಲಾ ದಾಟಿದ ಮೇಲೆ ನೌಕಾನೆಲೆಯ ಆಸುಪಾಸಿನ ಸುಮಾರು 20 ಕಿ.ಮೀ. ನಡೆಯುವಂತಿಲ್ಲವಾದ್ದರಿಂದ (ಅದರ ವಿಷಯ ಮುಂದೆ ಬರುತ್ತದೆ) ನಿಜವಾಗಿ ನಡೆಯಬೇಕಾದದ್ದು ಮತ್ತೆ 160ರ ಹತ್ತಿರಕ್ಕೇ ಬಂದು ನಿಲ್ಲುತ್ತದೆ. ಇದಕ್ಕೆ ಹನ್ನೊಂದು ದಿನದ ನಡಿಗೆ ಮತ್ತು ನಡುವೆ ಒಂದು ದಿನದ ಬಿಡುವು, ಒಟ್ಟು ಹನ್ನೆರಡು ದಿನ ಬೇಕು.

ಈ ಹನ್ನೆರಡು ದಿನಗಳಿಗೆ ದೂರವನ್ನು ಸಮನಾಗಿ ಹಂಚಬಾರದು. ಮೊದಲ ಎರಡು ದಿನ ಹನ್ನೆರಡು ಕಿ.ಮೀ. ಮೀರದಿರಲಿ. ಆಮೇಲಿನ ಆರು ದಿನ ಹದಿನೇಳರವರೆಗೆ ಹೋಗಬಹುದು. ಕೊನೆಯ ಮೂರು ದಿನಗಳಿಗೆ ಹದಿನಾರು, ಹದಿಮೂರು ಮತ್ತು ನಾಲ್ಕು ಉಳಿಸಿಕೊಳ್ಳಿ. ಕೊನೆಯ ದಿನಕ್ಕೆ ಬರೀ ನಾಲ್ಕೇ ಎಂದು ನನ್ನ ಗೆಳೆಯನೂ ಮೊದಲು ಒಪ್ಪಿರಲಿಲ್ಲ. ಆದರೆ ಹತ್ತು ದಿನದ ಆಯಾಸ ಹೊತ್ತ ಕಾಲಿಗೆ ಕೊನೆಯ ದಿನವೂ ದೊಡ್ಡ ದೂರ ಇಟ್ಟರೆ, ಯಾವುದೋ ಒಂದು ಸಣ್ಣ ತೊಡಕು, ಒಂದು ತಾರಿ (ಹೊಳೆ ದಾಟಿಸುವ ದೋಣಿ) ತಪ್ಪಿದ್ದು ಅಥವಾ ಒಂದು ಮಧ್ಯಾಹ್ನದ ಜ್ವರ, ಇಡೀ ನಡಿಗೆಯನ್ನು ಮುರಿದುಬಿಡುತ್ತದೆ. ಕೊನೆಯಲ್ಲಿ ಬಿಟ್ಟ ಜಾಗ ಹಿಂದಿನ ತಪ್ಪುಗಳನ್ನು ತುಂಬಿಕೊಳ್ಳಲಿಕ್ಕೆ.

ಯಾವ ತಿಂಗಳಲ್ಲಿ ಎಂಬುದಕ್ಕೆ ನಮ್ಮ ಕಡೆಯ ಅಡಿಕೆ ತೋಟದ ಕೆಲಸವೇ ಅರ್ಧ ಉತ್ತರ ಕೊಡುತ್ತದೆ. ಕೊನೆಕೊಯ್ಲು, ಸುಲಿಯುವುದು, ಬೇಯಿಸುವುದು ಎಲ್ಲ ನಡೆಯುತ್ತಿರುವಾಗ ಹನ್ನೆರಡು ದಿನ ಮನೆ ಬಿಡುವುದು ಸಾಧ್ಯವೂ ಅಲ್ಲ, ಸರಿಯೂ ಅಲ್ಲ. ಅದು ಒಂದು ಹದಕ್ಕೆ ಬರುವಾಗ ಸಂಕ್ರಾಂತಿ ಕಳೆದಿರುತ್ತದೆ. ಮಾರ್ಚ್ ಹೊತ್ತಿಗೆ ಕರಾವಳಿಯ ಬಿಸಿಲೂ ಸೆಕೆಯೂ ಘಟ್ಟದ ಮೇಲಿನವರನ್ನು ಹಣ್ಣು ಮಾಡುತ್ತವೆ. ಮಹಾಶಿವರಾತ್ರಿ ಹತ್ತಿರವಾದರೆ ಗೋಕರ್ಣದಲ್ಲಿಯೂ ಮುರ್ಡೇಶ್ವರದಲ್ಲಿಯೂ ಮಲಗಲು ಜಾಗ ಸಿಗುವುದಿಲ್ಲ. ಹೀಗಾಗಿ ಉಳಿಯುವುದು ಮಾಘ ಮಾಸದ ಶುಕ್ಲ ಪಕ್ಷ. ಬಿದಿಗೆಯ ದಿನ ಮರವಂತೆಯಲ್ಲಿ ಹೊರಟರೆ ತ್ರಯೋದಶಿಯ ಹೊತ್ತಿಗೆ ಕಾರವಾರದಲ್ಲಿರುತ್ತೀರಿ. ಶಿವರಾತ್ರಿಗೆ ಇನ್ನೂ ಎರಡು ವಾರ ಇರುತ್ತದೆ. ಈ ತಿಥಿಗಳನ್ನು ಆರಿಸಲು ಇನ್ನೂ ಒಂದು ಗಟ್ಟಿ ಕಾರಣವಿದೆ.

ಉಬ್ಬರ ಮತ್ತು ಇಳಿತ

ಘಟ್ಟದ ಮೇಲೆ ಹುಟ್ಟಿ ಬೆಳೆದವರಿಗೆ ನೀರೆಂದರೆ ಒಂದೇ ಕಡೆಗೆ ಹರಿಯುವ ವಸ್ತು. ಕಡಲು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ ಎಂಬುದು ನಮಗೂ ಪಾಠದಲ್ಲಿ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ. ಇಳಿತದ ಹೊತ್ತಿನಲ್ಲಿ ನೀರು ಬಿಟ್ಟುಹೋದ ಒದ್ದೆ ಮರಳು ಸಗಣಿ ಸಾರಿಸಿದ ಅಂಗಳದಂತೆ ಗಟ್ಟಿಯಾಗಿರುತ್ತದೆ. ಅದರ ಮೇಲೆ ಗಂಟೆಗೆ ನಾಲ್ಕು ಕಿ.ಮೀ. ಸಲೀಸಾಗಿ ಹೋಗಬಹುದು. ಉಬ್ಬರದಲ್ಲಿ ಆ ಪಟ್ಟಿ ಮುಳುಗಿ, ಗಾಳಿಮರದ ಬುಡದ ಸಡಿಲ ಮರಳೊಂದೇ ಉಳಿಯುತ್ತದೆ. ಅದರಲ್ಲಿ ಇಟ್ಟ ಹೆಜ್ಜೆ ಅರ್ಧ ಹಿಂದಕ್ಕೆ ಜಾರುತ್ತದೆ, ಗಂಟೆಗೆ ಎರಡೂವರೆ ಕಿ.ಮೀ. ಸಾಗಿದರೆ ಹೆಚ್ಚು, ಮೀನಖಂಡವಂತೂ ಸಂಜೆಯೊಳಗೆ ಕಲ್ಲಾಗುತ್ತದೆ. ಆದ್ದರಿಂದ ಪ್ರತಿ ದಿನದ ನಡಿಗೆಯನ್ನು ಇಳಿತದ ತುದಿಗಿಂತ ಎರಡು ಗಂಟೆ ಮೊದಲು ಮತ್ತು ಎರಡು ಗಂಟೆ ಆಮೇಲೆ ಎಂಬ ನಾಲ್ಕು ಗಂಟೆಯ ಒಳಗೆ ಸಾಧ್ಯವಾದಷ್ಟು ಕೂರಿಸಬೇಕು.

ಉಬ್ಬರದಿಂದ ಇಳಿತಕ್ಕೆ ಆರು ಗಂಟೆಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ, ಮತ್ತು ಇಡೀ ಚಕ್ರ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಮೊದಲ ದಿನ ಬೆಳಗಿನ ಆರಕ್ಕೆ ಇಳಿತವಿದ್ದರೆ ಏಳು ದಿನ ಕಳೆಯುವಷ್ಟರಲ್ಲಿ ಅದು ಮಧ್ಯಾಹ್ನಕ್ಕೆ ಹೋಗಿ, ಬೆಳಗಿನ ಆರಕ್ಕೆ ಉಬ್ಬರ ಬಂದು ಕೂತಿರುತ್ತದೆ. ಮೊದಲ ವರ್ಷ ನಾವು ಎಡವಿದ್ದು ಇಲ್ಲಿಯೇ. ಮೊದಲ ಮೂರು ದಿನ ಬೆಳಗಿನ ಜಾವ ಎದ್ದು ಸುಖವಾಗಿ ನಡೆದು, ಅದೇ ವೇಳಾಪಟ್ಟಿಯನ್ನು ಬದಲಿಸದೆ ಮುಂದುವರಿಸಿ, ಹೊನ್ನಾವರದ ಆಚೆ ದಿನವೂ ಉಬ್ಬರದ ಬಾಯಿಗೆ ಬಿದ್ದೆವು. ಹೊರಡುವ ಮೊದಲೇ ಹನ್ನೆರಡೂ ದಿನಗಳ ಉಬ್ಬರ ಇಳಿತದ ಹೊತ್ತನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಅದಕ್ಕೆ ತಕ್ಕಂತೆ ಪ್ರತಿ ದಿನದ ಹೊರಡುವ ಸಮಯವನ್ನು ಗೊತ್ತುಮಾಡಿ. ಮೊಬೈಲಿನಲ್ಲಿ ಆ ಪಟ್ಟಿ ಸಿಗುತ್ತದೆ. ಆದರೂ ಹಿಂದಿನ ಸಂಜೆ ಊರಿನ ಮೀನುಗಾರರೊಬ್ಬರನ್ನು ಕೇಳಿ ಖಚಿತಪಡಿಸಿಕೊಳ್ಳುವುದು ಲೇಸು, ಏಕೆಂದರೆ ಯಾವ ಮೂಲೆಯಲ್ಲಿ ನೀರು ಮೊದಲು ನುಗ್ಗುತ್ತದೆ ಎಂಬುದು ಪಟ್ಟಿಯಲ್ಲಿ ಇರುವುದಿಲ್ಲ.

ಇನ್ನು ತಿಥಿಯ ಮಾತು. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಸೇರುವುದರಿಂದ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ; ಅಷ್ಟಮಿ ನವಮಿಯ ಹೊತ್ತಿಗೆ ಏರಿಳಿತ ಎರಡೂ ತಗ್ಗುತ್ತವೆ. ಬಿದಿಗೆಗೆ ಹೊರಟರೆ ಮರವಂತೆ, ಬೈಂದೂರಿನ ಕಡೆಯ ನೇರ ದಂಡೆಗಳಲ್ಲಿ ಇಳಿತದ ಹೊತ್ತು ಅಗಲವಾದ ಗಟ್ಟಿ ಮರಳು ಸಿಗುತ್ತದೆ. ಐದು ದಿನ ನಡೆದು ಆರನೆಯ ದಿನ ಹೊನ್ನಾವರದಲ್ಲಿ ಬಿಡುವು ತೆಗೆದುಕೊಂಡರೆ, ಕುಮಟಾದ ದಾರಿ ಅಷ್ಟಮಿಗೂ ಅಘನಾಶಿನಿಯ ತಾರಿ ನವಮಿಗೂ ಬೀಳುತ್ತದೆ, ಆಗ ಅಳಿವೆಯ ಸೆಳೆತ ಇದ್ದುದರಲ್ಲಿ ಸೌಮ್ಯವಾಗಿರುತ್ತದೆ. ಮನೆಯ ಗೋಡೆಗೆ ತೂಗುಹಾಕಿದ ಪಂಚಾಂಗ ಈ ಕೆಲಸಕ್ಕೆ ಸಾಕು.

ಘಟ್ಟದ ಕಾಲಿಗೆ ಮರಳಿನ ಅಭ್ಯಾಸ

ಕೊಡಚಾದ್ರಿಯನ್ನು ಹತ್ತಿ ಇಳಿಯುವ ನಮಗೆ ಸಮತಟ್ಟಾದ ಮರಳು ಏನು ಮಹಾ ಎಂದು ತೋರುವುದು ಸಹಜ. ಏರಿನಲ್ಲಿ ತೊಡೆ ದುಡಿಯುತ್ತದೆ, ಆಗಾಗ ನಿಲ್ಲುತ್ತೇವೆ, ನೆರಳಿರುತ್ತದೆ. ದಂಡೆಯಲ್ಲಿ ಒಂದೇ ಬಗೆಯ ಹೆಜ್ಜೆ ಸಾವಿರಾರು ಸಲ ಬೀಳುತ್ತದೆ. ಅದೂ ಅಲ್ಲದೆ ದಂಡೆ ಕಡಲ ಕಡೆಗೆ ವಾಲಿರುತ್ತದೆ. ಉತ್ತರಕ್ಕೆ ನಡೆಯುವಾಗ ಕಡಲು ಎಡಕ್ಕಿರುವುದರಿಂದ ಎಡಗಾಲು ದಿನವಿಡೀ ತುಸು ಕೆಳಗೆ, ಬಲಗಾಲು ತುಸು ಮೇಲೆ ಬೀಳುತ್ತದೆ, ನಾಲ್ಕನೆಯ ದಿನದ ಹೊತ್ತಿಗೆ ಸೊಂಟದ ಒಂದು ಬದಿ ಹಿಡಿದುಕೊಳ್ಳುತ್ತದೆ. ಇದಕ್ಕೆ ಮದ್ದು, ಇಳಿಜಾರು ಕಡಿದಾದ ಕಡೆ ಗಂಟೆಗೊಮ್ಮೆ ದಂಡೆ ಬಿಟ್ಟು ಮೀನುಗಾರರ ಕೇರಿಯ ರಸ್ತೆಗೆ ಹತ್ತಿ ಸ್ವಲ್ಪ ದೂರ ಸಮತಟ್ಟಿನ ಮೇಲೆ ನಡೆಯುವುದು.

ಹೊರಡುವ ಎರಡು ತಿಂಗಳು ಮೊದಲೇ ಅಭ್ಯಾಸ ಶುರುವಾಗಲಿ, ಇಬ್ಬರೂ ಸೇರಿಯೇ ಮಾಡಲಿ. ನೀರು ಇಳಿದ ಮೇಲೆ ತೀರ್ಥಹಳ್ಳಿಯ ಆಸುಪಾಸಿನಲ್ಲಿ ತುಂಗೆಯ ಮರಳು ಕಾಣುವ ಕಡೆ, ಚೀಲ ಹೊತ್ತು ಅರ್ಧ ಗಂಟೆ ಹಿಂದೆ ಮುಂದೆ ನಡೆದರೆ ಮೀನಖಂಡಕ್ಕೆ ಸುಳಿವು ಸಿಗುತ್ತದೆ. ತೀರ್ಥಹಳ್ಳಿಯಿಂದ ಆಗುಂಬೆಗೆ ಮೂವತ್ತಕ್ಕೂ ಹೆಚ್ಚು ಕಿ.ಮೀ.; ಅದನ್ನು ಎರಡು ದಿನಕ್ಕೆ ಹಂಚಿ ಪೂರ್ತಿ ಹೊರೆಯೊಂದಿಗೆ ನಡೆದು ನೋಡಿ. ಎರಡನೆಯ ದಿನ ಬೆಳಗ್ಗೆ ಎದ್ದಾಗ ಯಾರಿಗೆ ಎಲ್ಲಿ ನೋಯುತ್ತದೆ ಎಂದು ತಿಳಿಯುವುದೇ ಆ ಅಭ್ಯಾಸದ ಪ್ರಯೋಜನ.

ಚೀಲ ಏಳು ಕೆಜಿ ಮೀರಬಾರದು. ಬಟ್ಟೆ ಎರಡು ಜೊತೆ ಸಾಕು, ಕಾಲುಚೀಲ ಮಾತ್ರ ನಾಲ್ಕು ಜೊತೆ ಇರಲಿ. ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆಗಿಂತ ಒಳ್ಳೆಯ ಟೊಪ್ಪಿಯನ್ನು ನಾನು ಕಂಡಿಲ್ಲ: ಹಗುರ, ಬೆವರಿಗೆ ಅಂಟುವುದಿಲ್ಲ, ನೆತ್ತಿ ಬಿಸಿಯಾಗುವುದಿಲ್ಲ. ಗಾಳಿಗೆ ಹಾರದಂತೆ ಒಂದು ದಾರ ಕಟ್ಟಿಕೊಂಡರಾಯಿತು. ತಿನ್ನಲು ಅವಲಕ್ಕಿ, ಬೆಲ್ಲ, ಒಂದು ಸಣ್ಣ ಡಬ್ಬಿಯಲ್ಲಿ ಮಿಡಿ ಉಪ್ಪಿನಕಾಯಿ. ಒಬ್ಬೊಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ನೀರು ಬೇಕಾಗುತ್ತದೆ. ಅಷ್ಟನ್ನೂ ಹೊರದೆ, ಎರಡು ಲೀಟರ್ ಹೊತ್ತು ದಾರಿಯ ಮನೆ, ದೇವಸ್ಥಾನ, ಅಂಗಡಿಗಳಲ್ಲಿ ತುಂಬಿಸಿಕೊಳ್ಳಿ. ಬೆವರಿನಲ್ಲಿ ಹೋದ ಉಪ್ಪು ಬರೀ ನೀರಿನಿಂದ ಮರಳುವುದಿಲ್ಲ. ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಕದಡಿ ಮಧ್ಯಾಹ್ನದೊಳಗೆ ಇಬ್ಬರೂ ಕುಡಿದು ಮುಗಿಸಬೇಕು. ರಾತ್ರಿ ಸಿಕ್ಕಲ್ಲಿ ಕುಚ್ಚಲಕ್ಕಿ ಗಂಜಿ ಉಂಡರೆ ಬೆಳಗಿನವರೆಗೆ ದೇಹ ತಂಪಾಗಿರುತ್ತದೆ.

ಇಬ್ಬರ ನಡುವೆ ಮೊದಲೇ ಆಗಬೇಕಾದ ಮಾತು

ಮೊದಲ ವರ್ಷ ನಡಿಗೆ ನಿಂತದ್ದಕ್ಕೆ ನಿಜವಾದ ಕಾರಣವನ್ನು ಈಗ ಹೇಳಬೇಕು. ನಾನು ಬೀಸು ನಡಿಗೆಯವನು. ನನ್ನ ಗೆಳೆಯ ನಿಧಾನವಾಗಿ, ಆದರೆ ದಣಿಯದೆ ನಡೆಯುವವನು. ದಿನವೂ ನಾನು ಒಂದು ಫರ್ಲಾಂಗು ಮುಂದೆ ಹೋಗಿ, ಯಾವುದಾದರೂ ದೋಣಿಯ ನೆರಳಿನಲ್ಲಿ ಕೂತು, ಅವನು ಬಂದು ತಲುಪುತ್ತಿದ್ದಂತೆ ಎದ್ದುಬಿಡುತ್ತಿದ್ದೆ. ಹೀಗೆ ನನಗೆ ವಿಶ್ರಾಂತಿ ಸಿಗುತ್ತಿತ್ತು, ಅವನಿಗೆ ಸಿಗುತ್ತಿರಲಿಲ್ಲ. ಕುಮಟಾದ ಒಂದು ವಸತಿಗೃಹದ ಕೋಣೆಯಲ್ಲಿ ಆ ಸಂಜೆ ಅವನು ಮಂಚದ ಅಂಚಿನಲ್ಲಿ ಕೂತು ಬಲಗಾಲಿನ ಶೂ ಬಿಚ್ಚಿದ. ಕಾಲುಚೀಲ ಹಿಮ್ಮಡಿಗೆ ಅಂಟಿಕೊಂಡಿತ್ತು. ಅದನ್ನು ನೀರಿನಲ್ಲಿ ನೆನೆಸಿ ಮೆಲ್ಲಗೆ ಎಳೆದಾಗ, ಹತ್ತು ರೂಪಾಯಿ ನಾಣ್ಯದಷ್ಟು ಅಗಲದ ಚರ್ಮ ಅದರೊಂದಿಗೇ ಎದ್ದು ಬಂತು. ಕೆಳಗಿನ ಕೆಂಪು ಮಾಂಸದಲ್ಲಿ ಸಣ್ಣ ಕಪ್ಪು ಮರಳ ಕಣಗಳು ಕೂತಿದ್ದವು. ಎಷ್ಟು ದಿನದಿಂದ ಹೀಗಾಗಿದೆ ಎಂದು ಕೇಳಿದೆ. “ಮುರ್ಡೇಶ್ವರದಿಂದ. ನೀನು ಮುಂದೆ ಹೋಗ್ತಾ ಇದ್ದೆಯಲ್ಲ ಮಾರಾಯ, ಕೂಗಿ ನಿಲ್ಲಿಸೋದು ಹ್ಯಾಗೆ ಅಂತ ಸುಮ್ಮನಾದೆ” ಎಂದ. ಮರುದಿನ ಬೆಳಗ್ಗೆ ದೇವಿಮನೆ ಘಟ್ಟದ ಬಸ್ಸು ಹಿಡಿದು ಶಿರಸಿಯ ಮೇಲೆ ಊರಿಗೆ ಮರಳಿದೆವು. ಅವನ ಹಿಮ್ಮಡಿಯ ಗಾಯಕ್ಕೆ ಮರಳು ಕಾರಣವಾದಷ್ಟೇ ನನ್ನ ನಡಿಗೆಯೂ ಕಾರಣ ಎಂದು ನಾನು ಈಗಲೂ ನಂಬಿದ್ದೇನೆ.

ಎರಡನೆಯ ವರ್ಷ ಹೊರಡುವ ಮೊದಲು ಅವನ ಮನೆಯ ಜಗಲಿಯಲ್ಲಿ ಕೂತು ಕೆಲವು ಕಟ್ಟಳೆಗಳನ್ನು ಮಾಡಿಕೊಂಡೆವು. ಅವನ್ನು ಇಲ್ಲಿ ಹೇಳುವುದು ಈ ಬರಹದ ಮುಖ್ಯ ಉದ್ದೇಶ.

ನಿಧಾನ ನಡೆಯುವವರು ಯಾವಾಗಲೂ ಮುಂದಿರಬೇಕು. ಬೀಸು ನಡೆಯುವವರು ಹಿಂದೆ ಇದ್ದು ಆ ಹೆಜ್ಜೆಗೆ ಹೊಂದಿಕೊಳ್ಳಬೇಕು. ಮೊದಲ ಎರಡು ದಿನ ಇದು ಬಹಳ ಕಷ್ಟ. ಮೂರನೆಯ ದಿನದಿಂದ ಅದೇ ನಿಮ್ಮ ಹೆಜ್ಜೆಯಾಗುತ್ತದೆ, ಸಂಜೆಗೆ ಉಳಿಯುವ ಶಕ್ತಿಯೂ ಹೆಚ್ಚು. ಕೂತಾಗ ಇಬ್ಬರೂ ಒಟ್ಟಿಗೆ ಕೂತು, ಕಡೆಯಲ್ಲಿ ಕೂತವರಿಗೆ ಹತ್ತು ನಿಮಿಷವಾದ ಮೇಲೆಯೇ ಏಳಬೇಕು.

ದಿನಕ್ಕೆ ಎರಡು ಸಲ, ಮಧ್ಯಾಹ್ನದ ಊಟಕ್ಕೆ ಮೊದಲು ಮತ್ತು ಸಂಜೆ, ಒಬ್ಬರ ಪಾದವನ್ನು ಇನ್ನೊಬ್ಬರು ನೋಡಬೇಕು. ನಮ್ಮಲ್ಲಿ ಇನ್ನೊಬ್ಬರ ಕಾಲು ಮುಟ್ಟಿಸಿಕೊಳ್ಳಲು ಸಂಕೋಚವಿದೆ. ಆ ಸಂಕೋಚವನ್ನು ಮನೆಯಲ್ಲೇ ಬಿಟ್ಟು ಬನ್ನಿ. ತಮ್ಮ ನೋವನ್ನು ತಾವೇ ಅಳೆಯುವವರು ಯಾವಾಗಲೂ ಕಡಿಮೆ ಅಳೆಯುತ್ತಾರೆ. ಚರ್ಮ ಎಲ್ಲಾದರೂ ಕೆಂಪಾಗಿ ಬಿಸಿಯಾಗಿದ್ದರೆ ಅದು ಗುಳ್ಳೆಯ ಮುನ್ಸೂಚನೆ. ಕೂಡಲೇ ನಿಂತು, ಮರಳು ತೊಳೆದು, ಪೂರ್ತಿ ಒರೆಸಿ, ಅಂಟುಪಟ್ಟಿ ಹಾಕಿ ಕಾಲುಚೀಲ ಬದಲಿಸಬೇಕು. ಗುಳ್ಳೆ ಎದ್ದೇ ಬಿಟ್ಟರೆ ಅದರ ಮೇಲಿನ ಚರ್ಮವನ್ನು ಕೀಳಬೇಡಿ, ಒಳಗಿನ ಹಸಿಗೆ ಅದೇ ಹೊದಿಕೆ. ರಾತ್ರಿ ಮಲಗುವಾಗ ಹಿಮ್ಮಡಿಗೆ ಮುರುಗಲ (ಕೋಕಂ) ಬೀಜದ ತುಪ್ಪ ಸವರಿಕೊಳ್ಳಿ. ಚಳಿಗಾಲದಲ್ಲಿ ಒಡೆದ ಕಾಲಿಗೆ ನಮ್ಮ ಅಜ್ಜಿಯರು ಕರಗಿಸಿ ಹಚ್ಚುತ್ತಿದ್ದ ಆ ಗಟ್ಟಿ ತುಪ್ಪ ಉಪ್ಪುನೀರಿಗೆ ಬಿರಿದ ಚರ್ಮವನ್ನು ಬೆಳಗಾಗುವುದರೊಳಗೆ ಮೆತ್ತಗಾಗಿಸುತ್ತದೆ. ಹಸಿ ಗಾಯದ ಮೇಲೆ ಮಾತ್ರ ಹಚ್ಚಬಾರದು.

‘ಸಾಕು’ ಎಂಬ ಮಾತಿಗೆ ಬೆಲೆ ಇರಬೇಕು. ಇಬ್ಬರಲ್ಲಿ ಯಾರಾದರೂ “ಇವತ್ತಿಗೆ ಸಾಕು” ಎಂದರೆ ಇನ್ನೊಬ್ಬರು ಕಾರಣ ಕೇಳದೆ, ಮುಖ ಸಣ್ಣ ಮಾಡದೆ, ಹತ್ತಿರದ ಊರಿಗೆ ನಡಿಗೆ ನಿಲ್ಲಿಸಬೇಕು. ನಾವು ಇದನ್ನು ಒಪ್ಪಿಕೊಂಡಾಗ ದಿನವೂ ಯಾರಾದರೊಬ್ಬರು ಇದನ್ನು ಬಳಸಿಯಾರು ಎಂದು ನನಗೆ ಅಂಜಿಕೆಯಿತ್ತು. ಹನ್ನೆರಡು ದಿನಗಳಲ್ಲಿ ಅವನು ಒಮ್ಮೆ, ನಾನು ಒಮ್ಮೆ ಬಳಸಿದೆವು. ಹೇಳುವ ಸ್ವಾತಂತ್ರ್ಯ ಇದ್ದುದರಿಂದಲೇ ಹೇಳುವ ಅಗತ್ಯ ಅಷ್ಟು ಬೀಳಲಿಲ್ಲ.

ಬಸ್ಸು ಹತ್ತಿದರೆ ನಡಿಗೆ ಕೆಟ್ಟಿತೇ ಎಂಬ ಪ್ರಶ್ನೆಯನ್ನೂ ಮನೆಯಲ್ಲೇ ತೀರ್ಮಾನಿಸಿ. ದಾರಿಯ ಮೇಲೆ, ಬಿಸಿಲಿನಲ್ಲಿ, ಹಸಿದ ಹೊಟ್ಟೆಯಲ್ಲಿ ಇದನ್ನು ಚರ್ಚಿಸಿದರೆ ಸ್ನೇಹ ಕೆಡುತ್ತದೆ. ನಮ್ಮ ತೀರ್ಮಾನ ಇಷ್ಟು: ಕಾನೂನು, ನೀರು ಅಥವಾ ಕಾಯಿಲೆ ಅಡ್ಡ ಬಂದ ಕಡೆ ವಾಹನ ಹತ್ತಬಹುದು, ಸೋಮಾರಿತನಕ್ಕೆ ಹತ್ತುವಂತಿಲ್ಲ, ಹತ್ತಿದರೆ ಇಬ್ಬರೂ ಹತ್ತಬೇಕು. ಹಣವನ್ನು ಹೊರಡುವ ದಿನ ಸಮನಾಗಿ ಒಂದೇ ಚೀಲಕ್ಕೆ ಹಾಕಿ, ಎಲ್ಲ ಖರ್ಚನ್ನೂ ಅದರಿಂದಲೇ ಮಾಡಿ. ಚಹಾದ ಲೆಕ್ಕ ಯಾರೂ ಇಡುವುದು ಬೇಡ.

ನದಿಗಳ ಬಾಯಿ

ಮರವಂತೆಯಲ್ಲಿ ನಡಿಗೆ ಶುರುಮಾಡಿ ಎಂದು ನಾನು ಹೇಳುವುದಕ್ಕೆ ಕಾರಣವಿದೆ. ಕುಂದಾಪುರದಿಂದ ಹೊರಟರೆ ಮೊದಲ ಗಂಟೆಯಲ್ಲೇ ಗಂಗೊಳ್ಳಿಯ ದೊಡ್ಡ ಅಳಿವೆ ಎದುರಾಗುತ್ತದೆ, ರಸ್ತೆಯ ಸುತ್ತು ಹೊಸ ಕಾಲಿಗೆ ಬಹಳವಾಗುತ್ತದೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ. ಕೊಡಚಾದ್ರಿಯ ಕಡೆಯಿಂದ ಇಳಿದು ಕೊಲ್ಲೂರನ್ನು ಹಾದು ಬರುವ ಆ ಹೊಳೆ ಕಡಲಿಗೆ ಒಂದು ರಸ್ತೆಯಷ್ಟು ಹತ್ತಿರ ಬಂದು, ಸೇರದೆ ತಿರುಗಿ ಗಂಗೊಳ್ಳಿಯತ್ತ ಹೋಗುತ್ತದೆ. ನಾವೂ ನಗರ, ನಿಟ್ಟೂರು, ಕೊಲ್ಲೂರಿನ ಘಟ್ಟ ಇಳಿದು ಅದೇ ನೀರಿನ ಜೊತೆಗೆ ಬಂದವರಾದ್ದರಿಂದ ಅಲ್ಲಿ ನಿಂತು ಮುಖ ತೊಳೆದು ಹೊರಟೆವು.

ಅಳಿವೆಯ ವಿಷಯದಲ್ಲಿ ಒಂದೇ ನಿಯಮ, ಅದಕ್ಕೆ ವಿನಾಯಿತಿ ಇಲ್ಲ: ನೀರಿಗೆ ಇಳಿದು ದಾಟಬಾರದು. ಮೊಣಕಾಲುದ್ದ ಕಾಣುವ ಸಣ್ಣ ಹೊಳೆಯ ಬಾಯಿಯಲ್ಲೂ ಇಳಿತದ ಹೊತ್ತು ನೀರು ಕಡಲಿನತ್ತ ಸೆಳೆಯುತ್ತದೆ, ಕಾಲಡಿಯ ಮರಳು ಜಾರುತ್ತದೆ. ತುಂಗೆಯಲ್ಲಿ, ಶರಾವತಿಯಲ್ಲಿ ಈಜಿದವರೆಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಸೇತುವೆ ಇದ್ದರೆ ಸೇತುವೆ, ಇಲ್ಲದಿದ್ದರೆ ತಾರಿ, ಎರಡೂ ಇಲ್ಲದಿದ್ದರೆ ಹೆದ್ದಾರಿಯ ಸುತ್ತು. ಹಾಗೆಯೇ ಬೈಂದೂರಿನ ಒತ್ತಿನೆಣೆ, ಹೊನ್ನಾವರದ ಹತ್ತಿರದ ಅಪ್ಸರಕೊಂಡ, ಗೋಕರ್ಣದ ಓಂ ಮತ್ತು ಕುಡ್ಲೆ ಕಡಲತೀರಗಳ ನಡುವಿನ ಗುಡ್ಡದಂಥ ಕಡೆ ಬಂಡೆಯ ಬುಡದಲ್ಲಿ ಬಳಸಿ ಹೋಗುವ ಆಸೆಯನ್ನು ಬಿಟ್ಟು ಮೇಲಿನ ಕಾಲುದಾರಿ ಹಿಡಿಯಿರಿ. ತುರ್ತಿಗೆ 112 ಸಂಖ್ಯೆ ಇಬ್ಬರ ಮೊಬೈಲಿನಲ್ಲೂ ಇರಲಿ.

ಹೊನ್ನಾವರದಲ್ಲಿ ಶರಾವತಿಯನ್ನು ಹೆದ್ದಾರಿಯ ಸೇತುವೆಯ ಮೇಲೆ ದಾಟಬೇಕು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಲಿಂಗನಮಕ್ಕಿಯಲ್ಲಿ ನಿಂತು, ಜೋಗದಲ್ಲಿ ಬಿದ್ದು, 128 ಕಿ.ಮೀ. ಹರಿದು ಬಂದ ಆ ನದಿ ಅಲ್ಲಿ ಆಚೆ ದಡ ಚಿಕ್ಕದಾಗಿ ಕಾಣುವಷ್ಟು ಅಗಲವಾಗಿರುತ್ತದೆ. ಅದರ ಹಿನ್ನೀರಿನಲ್ಲಿ ಮುಳುಗಿದ ಊರುಗಳಿಂದ ಎದ್ದು ಬಂದ ಮನೆತನಗಳು ನಮ್ಮ ನಡುವೆ ಇವೆ; ನನ್ನ ಗೆಳೆಯನ ತಾಯಿಯ ಮನೆಯವರೂ ಅಂಥವರೇ. ಸೇತುವೆಯ ನಡುವೆ ಅವನು ಐದು ನಿಮಿಷ ಕಂಬಿ ಹಿಡಿದು ನಿಂತ. ನಾನು ಮಾತಾಡಿಸಲಿಲ್ಲ. ಬಿಡುವಿನ ದಿನವನ್ನು ಹೊನ್ನಾವರದಲ್ಲಿ ಇಟ್ಟುಕೊಳ್ಳಿ ಎಂದದ್ದಕ್ಕೆ ಇದೂ ಒಂದು ಕಾರಣ. ಅಲ್ಲಿ ಬಟ್ಟೆ ಒಗೆದು, ಶೂಗಳನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಿ, ಹಗಲು ಮಲಗಿ. ಹೊನ್ನಾವರದ ಕಾಸರಕೋಡು ಟೊಂಕದ ದಂಡೆಯಲ್ಲಿ ಚಳಿಗಾಲದ ತಿಂಗಳುಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಅರಣ್ಯ ಇಲಾಖೆಯವರು ಬೇಲಿ ಕಟ್ಟಿದ ಗೂಡುಗಳನ್ನು ಕಂಡರೆ ದೂರದಿಂದಲೇ ಸಾಗಿ, ಕತ್ತಲಾದ ಮೇಲೆ ದಂಡೆಯಲ್ಲಿ ಬೆಳಕು ಹಾಯಿಸಬೇಡಿ.

ಕುಮಟಾದ ಆಚೆ ಅಘನಾಶಿನಿ ಊರಿನಿಂದ ತದಡಿಗೆ ದೋಣಿಯಲ್ಲಿ ದಾಟುವುದು ಇಡೀ ನಡಿಗೆಯ ಅತ್ಯಂತ ಸುಖದ ಹೊತ್ತು. ಅಣೆಕಟ್ಟಿಲ್ಲದೆ ಹರಿದು ಬರುವ ನದಿಯದು. ಅಳಿವೆಯ ಒಳಗೆ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ, ಇಳಿತದ ಹೊತ್ತು ಹೆಂಗಸರು ಮಂಡಿಯುದ್ದ ನೀರಿನಲ್ಲಿ ನಿಂತು ಚಿಪ್ಪು ಆರಿಸುತ್ತಾರೆ. ಕೊನೆಯ ದೋಣಿಯ ಹೊತ್ತನ್ನು ಹಿಂದಿನ ದಿನವೇ ವಿಚಾರಿಸಿಕೊಳ್ಳಿ. ಗೋಕರ್ಣ ದಾಟಿದ ಮೇಲೆ ಗಂಗಾವಳಿಯಲ್ಲೂ ಹಾಗೆಯೇ ಊರವರನ್ನು ಕೇಳಿ ಮುಂದುವರಿಯಿರಿ.

ಕೊನೆಯ ಮೂರು ದಿನ

ಅಂಕೋಲಾಕ್ಕೆ ಬರುವಷ್ಟರಲ್ಲಿ ನಿಮ್ಮಿಬ್ಬರಲ್ಲೂ ಒಂದು ಬದಲಾವಣೆ ಕಾಣುತ್ತದೆ. ದೇಹ ನಡಿಗೆಗೆ ಒಗ್ಗಿರುತ್ತದೆ, ಮನಸ್ಸು ಮನೆಗೆ ಹೋಗಿರುತ್ತದೆ. ತಪ್ಪುಗಳು ಆಗುವುದು ಈಗಲೇ: ಪಾದ ನೋಡುವುದನ್ನು ಬಿಡುತ್ತೇವೆ, ಉಪ್ಪುಸಕ್ಕರೆ ನೀರು ಮರೆಯುತ್ತೇವೆ, ಎರಡು ದಿನದ ದೂರವನ್ನು ಒಂದೇ ದಿನ ನಡೆದುಬಿಡೋಣ ಎನ್ನುತ್ತೇವೆ. ಹತ್ತನೆಯ ದಿನ ನಾನೇ ಆ ಮಾತು ತೆಗೆದೆ. “ಹೋದ ವರ್ಷದ ಹಿಮ್ಮಡಿ ಇನ್ನೂ ನೆನಪಿದೆ ಮಾರಾಯ” ಎಂದಷ್ಟೇ ಅವನು ಹೇಳಿದ. ಗೊತ್ತುಮಾಡಿದ ದೂರಕ್ಕಿಂತ ಒಂದು ಹೆಜ್ಜೆಯನ್ನೂ ಹೆಚ್ಚು ಹಾಕದಿರುವುದು ಈ ಮೂರು ದಿನಗಳ ಮುಖ್ಯ ಕೆಲಸ. ಮನೆಗೆ ಫೋನ್ ಮಾಡುವುದನ್ನೂ ರಾತ್ರಿ ಒಂದೇ ಹೊತ್ತಿಗೆ ಇಟ್ಟುಕೊಳ್ಳಿ. ಹಗಲು ಹೊತ್ತಿನ ಮನೆಯ ಸುದ್ದಿ ಕಾಲನ್ನು ಭಾರ ಮಾಡುತ್ತದೆ.

ಬೇಲೇಕೇರಿ, ಅವರ್ಸಾ ದಾಟಿ ಹಾರವಾಡದವರೆಗೆ ನಡೆಯಬಹುದು. ಅಲ್ಲಿಂದಾಚೆ ಅಮದಳ್ಳಿ, ಅರಗಾ, ಬಿಣಗಾ ಭಾಗದಲ್ಲಿ 2005ರಲ್ಲಿ ಕಾರ್ಯಾರಂಭವಾದ ಐಎನ್‌ಎಸ್ ಕದಂಬ ನೌಕಾನೆಲೆ ಇದೆ. ದಂಡೆಗೆ ಪ್ರವೇಶವಿಲ್ಲ, ಛಾಯಾಚಿತ್ರ ತೆಗೆಯುವಂತಿಲ್ಲ, ಕಾವಲಿನವರೊಂದಿಗೆ ವಾದಕ್ಕೆ ನಿಲ್ಲಬಾರದು. ಹೆದ್ದಾರಿಯಲ್ಲಿ ನಡೆಯೋಣವೆಂದರೆ ಲಾರಿಗಳ ಓಟದ ನಡುವೆ ಗುಡ್ಡದ ಮಗ್ಗುಲಿನ ರಸ್ತೆ ದಣಿದವರಿಗೆ ಅಪಾಯ. ಜಗಲಿಯ ಮೇಲೆ ಮಾಡಿಕೊಂಡ ಕಟ್ಟಳೆ ಇಲ್ಲಿ ಉಪಯೋಗಕ್ಕೆ ಬಂತು. ಒಂದು ಮಾತೂ ಆಡದೆ ಇಬ್ಬರೂ ಕೈ ಮಾಡಿ ಬಸ್ಸು ನಿಲ್ಲಿಸಿ ಹತ್ತಿದೆವು, ಕಾರವಾರದಲ್ಲಿ ಇಳಿದು ಕೋಣೆ ಹಿಡಿದು ಮಲಗಿದೆವು.

ಉಳಿದ ನಾಲ್ಕು ಕಿ.ಮೀ. ಮರುದಿನದ್ದು. ತಂಪು ಹೊತ್ತಿನಲ್ಲಿ ಹೊರಟು, ಚೀಲವನ್ನು ಕೋಣೆಯಲ್ಲೇ ಬಿಟ್ಟು, ಊರಿನ ದಕ್ಷಿಣದ ಬಂದರಿನ ಕಡೆಯಿಂದ ರವೀಂದ್ರನಾಥ ಟ್ಯಾಗೋರ್ ಕಡಲತೀರದುದ್ದಕ್ಕೂ ಉತ್ತರಕ್ಕೆ ನಡೆಯಿರಿ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ತರುಣ ರವೀಂದ್ರರು ಬಂದು ಉಳಿದಿದ್ದ ಊರಿದು. ಗಾಳಿಮರಗಳ ಸಾಲು ಮುಗಿಯುತ್ತಿದ್ದಂತೆ ಕೋಡಿಬಾಗದ ಹತ್ತಿರ ಕಾಳಿ ನದಿ ಕಡಲು ಸೇರುತ್ತದೆ, ಆಚೆ ದಡದಲ್ಲಿ ಸದಾಶಿವಗಡದ ಗುಡ್ಡ ಕಾಣುತ್ತದೆ. ಮುಂದೆ ನೀರು, ಅಲ್ಲಿಗೆ ದಂಡೆಯೂ ಮುಗಿಯಿತು, ನಡಿಗೆಯೂ ಮುಗಿಯಿತು.

ಕೊನೆಯ ಹೆಜ್ಜೆಗಳ ಬಗ್ಗೆ ಒಂದು ಸೂಚನೆ ಕೊಡಬೇಕೆನಿಸುತ್ತದೆ. ಹನ್ನೆರಡು ದಿನ ಮುಂದೆ ನಡೆದವರು ಅಲ್ಲಿ ಸ್ವಲ್ಪ ನಿಲ್ಲಲಿ, ಹಿಂದೆ ನಡೆದವರು ಬಂದು ಪಕ್ಕಕ್ಕೆ ಸೇರಲಿ, ನೀರಿನ ಅಂಚಿಗೆ ಇಬ್ಬರೂ ಒಟ್ಟಿಗೆ ಹೋಗಿ. ನನ್ನ ಗೆಳೆಯ ಇಪ್ಪತ್ತು ಮಾರು ದೂರದಲ್ಲಿ ನಿಂತು ಹಿಂದಿರುಗಿ ನೋಡಿ, “ಬಾ ಮಾರಾಯ” ಎಂದು ಕೈ ಚಾಚಿದ. ನೀರಿನಲ್ಲಿ ನಿಂತಾಗ ಅವನ ಬಲ ಹಿಮ್ಮಡಿಯ ಹಳೆಯ ಗಾಯದ ಕಲೆ ಬಿಳಿಯಾಗಿ ಕಾಣುತ್ತಿತ್ತು, ಹೊಸ ಗಾಯ ಒಂದೂ ಇರಲಿಲ್ಲ.

ಅದೇ ದಿನ ಊರಿಗೆ ಹೊರಡಬೇಡಿ. ಹನ್ನೆರಡು ದಿನ ನಡೆದ ಕಾಲನ್ನು ಒಮ್ಮೆಲೇ ಬಸ್ಸಿನ ಸೀಟಿನಲ್ಲಿ ಮಡಿಸಿ ಕೂರಿಸಿದರೆ ಪಾದ ಬಾತುಕೊಳ್ಳುತ್ತದೆ. ಒಂದು ರಾತ್ರಿ ಕಾರವಾರದಲ್ಲಿ ಕಾಲನ್ನು ಎತ್ತರಕ್ಕಿಟ್ಟು ಮಲಗಿ, ಬೆಳಗ್ಗೆ ಹೊನ್ನಾವರಕ್ಕೆ ಬಂದು ಗೇರುಸೊಪ್ಪೆ ಘಟ್ಟದ ಬಸ್ಸು ಹಿಡಿಯಿರಿ. ತಾಳಗುಪ್ಪದಲ್ಲಿ ಇಳಿದರೆ ಸಾಗರ, ಶಿವಮೊಗ್ಗದ ಕಡೆಗೆ ರೈಲು ಸಿಗುತ್ತದೆ. ನಾವು ಘಟ್ಟ ಹತ್ತುವಾಗ ಬಸ್ಸಿನ ಎಡಗಡೆಯ ಕಿಟಕಿಯ ಪಕ್ಕ ಕೂತಿದ್ದೆವು. ಚೀಲದಲ್ಲಿದ್ದ ಕೊನೆಯ ಹಿಡಿ ಅವಲಕ್ಕಿಯನ್ನು ಅವನು ಎರಡು ಪಾಲು ಮಾಡಿ, ದೊಡ್ಡ ಪಾಲನ್ನು ನನ್ನ ಕೈಗೆ ಹಾಕಿದ.